ಹಳೇ ಪದ್ಮಿನಿಗೆ ದೊಡ್ಡ ಎಂಜಿನ್ ಹಾಕಿಸುವ ಮುನ್ನ

ಪರೇಲ್: ಮಹಾನಗರದ ತುಳು-ಕನ್ನಡಿಗರಲ್ಲಿ ಹಿರಿಯರಿಗೆ ಕಾರು ಎಂದರೆ ಫಿಯೆಟ್. ಇಲ್ಲಿಂದ ಅನತಿ ದೂರದ ಕುರ್ಲಾದಲ್ಲಿ ತಯಾರಾಗುತ್ತಿದ್ದ ಈ ಗಾಡಿಗೆ 1970ರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಬಂತು. 2003ರ ಅಕ್ಟೋಬರ್ 29ರಂದು ನೋಂದಣಿಯಾದ ಕೊನೆಯ ಪದ್ಮಿನಿ ಟ್ಯಾಕ್ಸಿ ಕೂಡ 20 ವರ್ಷಗಳ ಮಿತಿ ಮುಗಿಸಿ 2023ರ ಅಕ್ಟೋಬರ್‌ನಲ್ಲಿ ರಸ್ತೆಯಿಂದ ಮರೆಯಾಯಿತು. ಆದರೂ ತಂದೆಯ ನೆನಪಿಗೆಂದು ಖಾಸಗಿ ಪದ್ಮಿನಿಯನ್ನು ಜೋಪಾನವಾಗಿ ಇಟ್ಟುಕೊಂಡವರು ನಮ್ಮವರಲ್ಲಿ ಇದ್ದಾರೆ.

ಅದರ 1089 ಸಿಸಿ ಎಂಜಿನ್ನಿನ ಬಲ ಸುಮಾರು 40 ಅಶ್ವಶಕ್ತಿ. ಫ್ಲೈಓವರ್ ಏರುವಾಗ ಅದು ಏದುಸಿರು ಬಿಡುವುದನ್ನು ಕಂಡು ಮನೆಯ ಮಕ್ಕಳು ದೊಡ್ಡ ಎಂಜಿನ್ ಹಾಕಿಸೋಣ ಎನ್ನುವುದು ಸಹಜ. ಪ್ರೀಮಿಯರ್ 118ಎನ್‌ಇ ಕಾರಿನ 1171 ಸಿಸಿ ನಿಸ್ಸಾನ್ ಎಂಜಿನ್ ಹವ್ಯಾಸಿಗಳ ಅಚ್ಚುಮೆಚ್ಚು. ಕಾರ್ಖಾನೆಗಳೂ ಇಂಥ ಕೆಲಸ ಮಾಡಿವೆ. ಹಿಂದುಸ್ತಾನ್ ಮೋಟಾರ್ಸ್ ತನ್ನ ಭಾರದ ಕಾಂಟೆಸ್ಸಾಗೆ ಮೊದಲು 1489 ಸಿಸಿಯ ಹಳೆಯ ಎಂಜಿನ್ ಕೂರಿಸಿ ಹೆಸರು ಕೆಡಿಸಿಕೊಂಡಿತು. ಬಳಿಕ 1817 ಸಿಸಿಯ ಇಸುಜು ಎಂಜಿನ್ ತಂದಿತು. ಆದರೆ ಬರೀ ಎಂಜಿನ್ ಅಲ್ಲ, ಜತೆಗೆ ಐದು ಗೇರಿನ ಹೊಸ ಗೇರ್‌ಬಾಕ್ಸನ್ನೂ ತಂದಿತು. ಗ್ಯಾರೇಜಿನಲ್ಲಿ ಮರೆತುಹೋಗುವುದು ಇದೇ.

ಎಂಜಿನ್ ಕೂರುವ ಮೌಂಟಿಂಗ್, ರೇಡಿಯೇಟರ್, ಪ್ರೊಪೆಲ್ಲರ್ ಶಾಫ್ಟ್, ಸ್ಟೇರಿಂಗ್ ಪಕ್ಕದ ಗೇರ್ ಹಿಡಿ ಎಲ್ಲವೂ ಹೊಂದಬೇಕು. ಇವೆಲ್ಲ ಹೇಗೋ ಆಗುತ್ತವೆನ್ನಿ. ಬ್ರೇಕಿನ ಮಾತು ಹಾಗಲ್ಲ. ಪದ್ಮಿನಿಯ ನಾಲ್ಕೂ ಚಕ್ರಗಳಿಗೆ ಇರುವುದು ಡ್ರಮ್ ಬ್ರೇಕ್. ಮೇ ತಿಂಗಳಲ್ಲಿ ಮನೆಮಂದಿಯೊಡನೆ ಊರಿಗೆ ಹೊರಟು ಕಶೇಡಿ ಘಾಟಿ ಇಳಿಯುವಾಗ ಮತ್ತೆ ಮತ್ತೆ ಬ್ರೇಕ್ ಒತ್ತಿದರೆ ಡ್ರಮ್ ಕಾದು ಹಿಡಿತ ಸಡಿಲವಾಗುತ್ತದೆ. ವೇಗ ಹೆಚ್ಚಿದ್ದಷ್ಟೂ ಕಾವು ಹೆಚ್ಚು.

ಇನ್ನು ಕಾಗದಪತ್ರ. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ, ತಯಾರಕರು ಸೂಚಿಸಿದ ವಿವರಕ್ಕೆ ಹೊಂದದಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಸಿಎನ್‌ಜಿ ಕಿಟ್‌ಗೆ ನಿಯಮದೊಳಗೆ ಅವಕಾಶವಿದೆ. ಬೇರೆ ಕಾರಿನ ದೊಡ್ಡ ಎಂಜಿನ್ನಿನ ವಿಚಾರವೇ ಬೇರೆ. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ ಹೋದಾಗ ಇನ್‌ಸ್ಪೆಕ್ಟರ್ ಬಾನೆಟ್ ಎತ್ತಿ ಎಂಜಿನ್ ನಂಬರ್ ನೋಡುತ್ತಾರೆ. ಅಪಘಾತವಾದರೆ ವಿಮೆಯವರೂ ಅದನ್ನೇ ನೋಡುವುದು.

ಮತ್ತೊಂದು ಸಂಗತಿ ಹಲವರಿಗೆ ಗೊತ್ತಿಲ್ಲ. 2021ರ ಕೇಂದ್ರ ನಿಯಮದಂತೆ 50 ವರ್ಷ ದಾಟಿದ ಕಾರನ್ನು 'ವಿಂಟೇಜ್' ಎಂದು ನೋಂದಾಯಿಸಬಹುದು. ಆದರೆ ಅದು ಮೂಲರೂಪದಲ್ಲೇ ಇರಬೇಕು, ಎಂಜಿನ್ ಕೂಡ. 1970ರ ದಶಕದ ಆರಂಭದ ಫಿಯೆಟ್‌ಗಳು ಈಗಾಗಲೇ ಆ ವಯಸ್ಸು ದಾಟಿವೆ. ಅಂಥ ಕಾರಿಗೆ ಹಳೆಯ ಎಂಜಿನ್ನನ್ನೇ ಬೋರ್ ಮಾಡಿಸಿ, ಹೊಸ ಪಿಸ್ಟನ್, ರಿಂಗ್ ಹಾಕಿಸುವುದು ಲೇಸು. ಬಿಚ್ಚಿಸಿದ ಎಂಜಿನ್ನನ್ನು ಮಾತ್ರ ಯಾವ ಕಾರಣಕ್ಕೂ ಗುಜರಿಗೆ ಹಾಕಬೇಡಿ.