ಜಾಲಪಾಲಕರ ಪರಸ್ಪರ ಸಹಾಯ

ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆಯಂಗಡಿಯಲ್ಲಿ ನಾವು ಮೊಬೈಲಿನಿಂದ ಹಣ ಸಲ್ಲಿಸುವಾಗ, ಆ ಸಂದೇಶವು ಹಲವು ಸಂಸ್ಥೆಗಳ ಕಂಪ್ಯೂಟರ್ ಜಾಲಗಳನ್ನು ದಾಟಿ ಹೋಗುತ್ತದೆ. ಒಂದು ಜಾಲದ ತಪ್ಪು ಮತ್ತೊಂದನ್ನು ಕೆಡಿಸುವುದುಂಟು. 2008ನೆಯ ಇಸವಿಯಲ್ಲಿ ಪಾಕಿಸ್ತಾನದ ಒಂದು ಜಾಲದಿಂದ ಹೊರಟ ತಪ್ಪು ಮಾರ್ಗಸೂಚನೆಯಿಂದ ಯೂಟ್ಯೂಬು ಲೋಕದ ಬಹುಭಾಗದಲ್ಲಿ ಸುಮಾರು ಎರಡು ಗಂಟೆಗಳ ಕಾಲ ನಿಂತುಹೋಯಿತು. ಆ ಸೂಚನೆಯನ್ನು ಮುಂದಕ್ಕೆ ಸಾಗಿಸಿದ್ದ ಬೇರೊಂದು ದೇಶದ ಸಂಸ್ಥೆಯವರು ಅದನ್ನು ಹಿಂತೆಗೆದಾಗ ತೊಂದರೆ ತೀರಿತು.

ಆದಕಾರಣ ಜಾಲಪಾಲಕರು, ವ್ಯಾಪಾರದಲ್ಲಿ ಪ್ರತಿಸ್ಪರ್ಧಿಗಳಾಗಿದ್ದರೂ, ಸಂಘ ಕಟ್ಟಿಕೊಂಡು ತಮ್ಮ ತಪ್ಪುಗಳನ್ನೂ ಪರಿಹಾರಗಳನ್ನೂ ಮುಚ್ಚಿಡದೆ ಹೇಳಿಕೊಳ್ಳುತ್ತಾರೆ. 2003ರಲ್ಲಿ ಆರಂಭವಾದ ದಕ್ಷಿಣ ಏಷ್ಯಾದ ಸಂಘವಾದ ‘ಸ್ಯಾನಾಗ್’, 2004ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಸಭೆ ಸೇರಿತು.

ಈ ಉದ್ಯೋಗದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಇತರರನ್ನು ಕೇಳಲು ನಾಚಬಾರದು. ನಡುರಾತ್ರಿಯಲ್ಲಿ ಜಾಲ ಕೆಟ್ಟು ಒಂಟಿಯಾಗಿ ಕುಳಿತವಳಿಗೆ, ಅದೇ ಕಷ್ಟವನ್ನು ಕಂಡವರ ಒಂದು ಮಾತು ದೊಡ್ಡ ಗ್ರಂಥಕ್ಕಿಂತ ಹೆಚ್ಚು ಉಪಕಾರಿಯೆಂದು ನಾವು ನಂಬುತ್ತೇವೆ.