ಉಳುಕಿದ ಕಾಲಿಗೆ ಯಾವ ಚಿತ್ರ?

ಶಿರಸಿ: ಮಳೆಗಾಲದಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಅಡಿಕೆ ತೋಟಕ್ಕೆ ಇಳಿಯುವ ದಾರಿಯೆಂದರೆ ಪಾಚಿ ಕಟ್ಟಿದ ಮೆಟ್ಟಿಲು, ಒದ್ದೆಯಾದ ಸಂಕ. ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಸಿಂಪಡಿಸಬೇಕಾದುದೂ ಇದೇ ದಿನಗಳಲ್ಲಿ. ಕಾಲು ಜಾರಿ ಪಾದ ಒಳಮಗ್ಗುಲಿಗೆ ಮಡಚಿದರೆ ಊತ ಬರುತ್ತದೆ. ಮುರಿದದ್ದು ಮೂಳೆಯೋ, ಹರಿದದ್ದು ಮೂಳೆಗಳನ್ನು ಬಿಗಿದಿಡುವ ಅಸ್ಥಿರಜ್ಜುವೋ ಎಂಬುದು ಊತವನ್ನು ನೋಡಿದ ಮಾತ್ರಕ್ಕೆ ತಿಳಿಯದು. ಅದನ್ನು ಅರಿಯದೆ ಎಣ್ಣೆ ಹಚ್ಚಿ ನೀವುವುದು ಅಪಾಯಕರ.

ಹಾಗೆಂದು ಉಳುಕಿದ ಕಾಲಿಗೆಲ್ಲ ಎಕ್ಸ್‌ರೇ ಬೇಕಿಲ್ಲ. ಕೆನಡಾದ ಒಟ್ಟಾವಾದ ವೈದ್ಯರು 1992ರಲ್ಲಿ ಪ್ರಕಟಿಸಿದ ನಿಯಮ ಇಂದಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಕಣಕಾಲಿನ ಎರಡೂ ಬದಿಯ ಗಿಣ್ಣುಗಳ ತುದಿ ಅಥವಾ ಹಿಂಬದಿಯ ಅಂಚಿನ ಮೂಳೆಯನ್ನು ಒತ್ತಿದಾಗ ನೋವಾದರೆ, ಇಲ್ಲವೇ ಬಿದ್ದ ಕೂಡಲೂ ಆಸ್ಪತ್ರೆಯಲ್ಲೂ ನಾಲ್ಕು ಹೆಜ್ಜೆ ಇಡಲಾಗದಿದ್ದರೆ ಎಕ್ಸ್‌ರೇ ಅಗತ್ಯ. ಪಾದದ ಮಧ್ಯಭಾಗದ ನೋವಿಗೂ ಇಂಥದೇ ನಿಯಮವಿದೆ. ಈ ಲಕ್ಷಣಗಳಿಲ್ಲದವರಲ್ಲಿ ಮೂಳೆ ಮುರಿದಿರುವ ಸಾಧ್ಯತೆ ತೀರಾ ಕಡಿಮೆ.

ಎಕ್ಸ್‌ರೇಯಲ್ಲಿ ‘ಏನೂ ಇಲ್ಲ’ ಎಂದರೆ ಮೂಳೆ ಸರಿಯಿದೆ ಎಂದಷ್ಟೇ ಅರ್ಥ. ಅಸ್ಥಿರಜ್ಜು ಅದರಲ್ಲಿ ಕಾಣದು. ಮೊದಲು ಪೆಟ್ಟು ತಿನ್ನುವುದು ಸಾಮಾನ್ಯವಾಗಿ ಹೊರಗಿಣ್ಣಿನ ಮುಂಭಾಗದ ರಜ್ಜು. ಅದು ಬರಿದೆ ಹಿಗ್ಗಿದ್ದರೆ ಮೊದಲ ದರ್ಜೆ, ಭಾಗಶಃ ಹರಿದಿದ್ದರೆ ಎರಡನೆಯದು, ಪೂರ್ತಿ ಹರಿದಿದ್ದರೆ ಮೂರನೆಯದು. ಊತ, ನೋವು ತುಸು ತಗ್ಗಿದ ಮೇಲೆ, ಅಂದರೆ ನಾಲ್ಕೈದು ದಿನಗಳ ಬಳಿಕ ವೈದ್ಯರು ಮತ್ತೊಮ್ಮೆ ಕೈಯಿಂದ ಪರೀಕ್ಷಿಸಿದಾಗ ಇದು ಹೆಚ್ಚು ಖಚಿತವಾಗಿ ತಿಳಿಯುತ್ತದೆ. ಈ ಎರಡನೇ ಭೇಟಿಯನ್ನು ತಪ್ಪಿಸುವವರೇ ಹೆಚ್ಚು!

ಅಲ್ಟ್ರಾಸೌಂಡ್‌ನಲ್ಲಿ ಪಾದವನ್ನು ಅಲುಗಿಸುತ್ತಲೇ ರಜ್ಜುವನ್ನು ನೋಡಬಹುದು. ವಿಕಿರಣವಿಲ್ಲ, ಖರ್ಚೂ ಕಡಿಮೆ. ಆದರೆ ಫಲಿತಾಂಶ ನೋಡುವವರ ಅನುಭವವನ್ನು ಅವಲಂಬಿಸಿದೆ. ರಜ್ಜುವಿನ ಜೊತೆಗೆ ಮೃದ್ವಸ್ಥಿ, ಮೂಳೆಯ ಒಳಜಜ್ಜು, ಸ್ನಾಯುರಜ್ಜುಗಳನ್ನೂ ತೋರಿಸುವುದು ಎಂಆರ್‌ಐ. ಸಾಮಾನ್ಯ ಉಳುಕಿಗೆ ಮೊದಲ ದಿನವೇ ಅದು ಬೇಕಿಲ್ಲ. ಪೂರ್ತಿ ಹರಿದ ರಜ್ಜುವಿಗೂ ಬಹುಪಾಲು ಶಸ್ತ್ರಚಿಕಿತ್ಸೆಯಿಲ್ಲದೆ, ಪಟ್ಟಿ ಮತ್ತು ವ್ಯಾಯಾಮದಿಂದಲೇ ಚಿಕಿತ್ಸೆ ಆರಂಭವಾಗುವುದರಿಂದ ಆ ಚಿತ್ರದಿಂದ ಮೊದಲ ವಾರದ ಚಿಕಿತ್ಸೆ ಬದಲಾಗುವುದು ವಿರಳ.

ಶಿರಸಿಯಿಂದ ಹುಬ್ಬಳ್ಳಿ ಸುಮಾರು 100 ಕಿ.ಮೀ. ದೂರ. ಉತ್ತರ ಕನ್ನಡಕ್ಕೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು 2022ರಲ್ಲಿ ಜೋರಾಗಿದ್ದುದು ಸುಮ್ಮನೆ ಅಲ್ಲ. ಆದರೆ ಉಳುಕಿನ ಮಟ್ಟಿಗೆ ಒತ್ತಿ ನೋಡುವುದು, ನಾಲ್ಕು ಹೆಜ್ಜೆ ನಡೆಸುವುದು, ಎಕ್ಸ್‌ರೇ ತೆಗೆಯುವುದು ಇವೆಲ್ಲ ತಾಲ್ಲೂಕು ಆಸ್ಪತ್ರೆಯಲ್ಲೇ ಆಗುವಂಥವು. ಆರೇಳು ವಾರ ಕಳೆದರೂ ನೋವು ಇಳಿಯದೆ, ತೋಟದ ಏರಿಳಿತದಲ್ಲಿ ಕಾಲು ಮತ್ತೆ ಮತ್ತೆ ಮಡಚುತ್ತಿದ್ದರೆ ಎಂಆರ್‌ಐಗಾಗಿ ದೂರದ ಊರಿಗೆ ಹೋಗುವುದು ಸಾರ್ಥಕ.