ಇಂಜಿನ್ನಿನ ಉಸಿರಿಗೂ ಒಂದು ಹದ

ಎರೆ ಭೂಮಿಯ ಬೇಸಾಯ ಬಲ್ಲವರಿಗೆ ‘ಹದ’ ಎಂಬ ಮಾತಿನ ಬೆಲೆ ಗೊತ್ತು. ಮಳೆ ನಿಂತೊಡನೆ ಕೂರಿಗೆ ಹೂಡಿದರೆ ನೆಲವೆಲ್ಲ ಕೆಸರು. ಬಹಳ ತಡೆದರೆ ನೆಲವೆಲ್ಲ ಹೆಂಟೆ. ನಡುವಿನ ಆ ಹೊತ್ತನ್ನು ಹಿಡಿಯುವುದೇ ರೈತನ ಜಾಣ್ಮೆ. ಮನೆಯ ಮುಂದೆ ನಿಂತಿರುವ ಕಾರಿನ ಇಂಜಿನ್ನಿಗೂ ಇಂತಹುದೇ ಹದ ಬೇಕೆಂಬುದನ್ನು ನಾವು ಕಲಿತದ್ದು ಒಂದು ತೊಂದರೆಯ ದಿನ.

ವೃದ್ಧ ಮಾತೃಶ್ರೀಯವರನ್ನು ವೈದ್ಯರಿಗೆ ತೋರಿಸಲು ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೊರಟಿದ್ದೆವು. ಉಣಕಲ್ಲಿನ ಬಳಿ ವಾಹನಗಳ ಸಾಲಿನಲ್ಲಿ ನಿಂತಾಗ ಇಂಜಿನ್ ಗಡಗಡ ನಡುಗಿ ಎರಡು ಬಾರಿ ನಿಂತೇ ಹೋಯಿತು. ಮರುದಿನ ಗ್ಯಾರೇಜೊಂದರಲ್ಲಿ ‘ಇಂಜಿನ್ ಬಿಚ್ಚಬೇಕಾದೀತು’ ಎಂದರು. ಅವರು ಹೇಳಿದ ಮೊತ್ತವನ್ನು ಕೇಳಿ, ಮಗಳ ಕಾಲೇಜು ಶುಲ್ಕಕ್ಕೆಂದು ಕೂಡಿಟ್ಟ ಹಣವನ್ನೇ ತೆಗೆಯಬೇಕಾಯಿತಲ್ಲ ಎಂದು ಚಿಂತೆಗೊಳಗಾದೆವು. ಒಪ್ಪಿಗೆ ಕೊಡುವ ಮುನ್ನ ಪರಿಚಯದ ಹಿರಿಯ ಮಿಸ್ತ್ರಿಯೊಬ್ಬರಿಗೆ ತೋರಿಸಿದೆವು. ಅವರು ಮೊದಲು ಕೇಳಿದ್ದು ಒಂದೇ ಪ್ರಶ್ನೆ: “ಆಯಿಲ್ ಬದಲ್ ಮಾಡ್ಸಿ ಎಷ್ಟ್ ದಿನಾ ಆತ್ರಿ?”

ಆ ಪ್ರಶ್ನೆಯ ಅರ್ಥ ತಿಳಿಯಬೇಕಾದರೆ ಇಂಜಿನ್ ಉಸಿರಾಡುವ ಬಗೆಯನ್ನು ಅರಿಯಬೇಕು.

ಉಸಿರಾಟದ ಕ್ರಮ

ಪಿಸ್ಟನ್ ಕೆಳಗಿಳಿಯುವಾಗ ಒಳಗಿನ ವಾಲ್ವ್ ತೆರೆದು ಗಾಳಿ ಸಿಲಿಂಡರನ್ನು ಸೇರುತ್ತದೆ. ಉರಿದ ಹೊಗೆ ಹೊರಗಿನ ವಾಲ್ವಿನ ಮೂಲಕ ಹೋಗುತ್ತದೆ. ಇವೆರಡನ್ನೂ ತೆರೆದು ಮುಚ್ಚಿಸುವುದು ಕ್ಯಾಮ್‌ಶಾಫ್ಟ್ ಎಂಬ ಉಬ್ಬುಗಳುಳ್ಳ ದಂಡ. ಇಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಪ್ರತಿಯೊಂದು ವಾಲ್ವ್ ಸೆಕೆಂಡಿಗೆ 25 ಬಾರಿ ತೆರೆಯುತ್ತದೆ.

ಓಡುವ ಗಾಳಿಗೂ ಒಂದು ಓಘವುಂಟು. ವೇಗ ಹೆಚ್ಚಿದ್ದಾಗ ಪಿಸ್ಟನ್ ಮೇಲಕ್ಕೆ ತಿರುಗಿದ ಬಳಿಕವೂ ಗಾಳಿ ಒಳಕ್ಕೆ ನುಗ್ಗುತ್ತಲೇ ಇರುತ್ತದೆ. ಆಗ ವಾಲ್ವ್ ತುಸು ತಡವಾಗಿ ಮುಚ್ಚಿದರೆ ಲಾಭ. ವೇಗ ಕಡಿಮೆಯಿದ್ದಾಗ ಹಾಗೆ ತಡಮಾಡಿದರೆ ಒಳಬಂದ ಗಾಳಿಯೇ ಹಿಂದಕ್ಕೆ ತಳ್ಳಲ್ಪಡುತ್ತದೆ. ಹಾಗೆಯೇ ಎರಡೂ ವಾಲ್ವ್‌ಗಳು ಏಕಕಾಲಕ್ಕೆ ಅರೆ ತೆರೆದಿರುವ ಕ್ಷಣವೊಂದುಂಟು. ನಿಂತ ಕಾರಿನಲ್ಲಿ ಆ ಕ್ಷಣ ದೀರ್ಘವಾದರೆ ಹೊಗೆ ಹೊಸ ಗಾಳಿಯೊಡನೆ ಬೆರೆತು ಇಂಜಿನ್ ನಡುಗುತ್ತದೆ. ಹಿಂದಿನ ಇಂಜಿನ್ನುಗಳಲ್ಲಿ ಈ ಸಮಯ ಒಮ್ಮೆ ನಿಗದಿಯಾದರೆ ಬದಲಾಗುತ್ತಿರಲಿಲ್ಲ. ಪೇಟೆಯ ನಿಧಾನಕ್ಕೂ ಹೆದ್ದಾರಿಯ ವೇಗಕ್ಕೂ ಒಂದೇ ಹದ!

1980 ರಲ್ಲಿ ಇಟಲಿಯ ಆಲ್ಫಾ ರೋಮಿಯೋ ಸಂಸ್ಥೆಯು ತನ್ನ ಸ್ಪೈಡರ್ ಕಾರಿನಲ್ಲಿ ಈ ಸಮಯವನ್ನು ಬದಲಿಸುವ ವ್ಯವಸ್ಥೆ ತಂದಿತು. 1989 ರಲ್ಲಿ ಜಪಾನಿನ ಹೋಂಡಾ ಸಂಸ್ಥೆಯ ‘ವಿಟೆಕ್’ ಬಂದಿತು. ನಮ್ಮ ಭಾಗದವರಿಗೆ ಇದು ಚಿರಪರಿಚಿತವಾದದ್ದು ಇನ್ನೋವಾದಿಂದ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869 ರಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನವು ಟೊಯೋಟಾದೊಡನೆ ಕೈಜೋಡಿಸಿ, 1997 ರಲ್ಲಿ ಬಿಡದಿಯ ಸಂಸ್ಥೆಯನ್ನು ಸ್ಥಾಪಿಸಿತು. ಅಲ್ಲಿಂದ 2005 ರಲ್ಲಿ ಹೊರಬಂದ ಇನ್ನೋವಾದ ಪೆಟ್ರೋಲ್ ಇಂಜಿನ್ನಿನಲ್ಲಿ ‘ವಿವಿಟಿ-ಐ’ ಎಂಬ ಇದೇ ವ್ಯವಸ್ಥೆಯಿತ್ತು. ಈಗಂತೂ ಸಣ್ಣ ಕಾರುಗಳಲ್ಲಿಯೂ ಇದು ಸಾಮಾನ್ಯ.

ಎಣ್ಣೆಯೇ ಇದರ ಕೈ

ಕ್ಯಾಮ್‌ಶಾಫ್ಟಿನ ತುದಿಯ ಚಕ್ರದೊಳಗೆ ಸಣ್ಣ ಸಣ್ಣ ಕೋಣೆಗಳಿರುತ್ತವೆ. ಕಾರಿನ ಕಂಪ್ಯೂಟರ್ ಹೇಳಿದಂತೆ ಇಂಜಿನ್ ಎಣ್ಣೆ ಒಂದು ಬದಿಗೆ ಒತ್ತಿದರೆ ವಾಲ್ವ್ ಬೇಗ ತೆರೆಯುತ್ತದೆ. ಇನ್ನೊಂದು ಬದಿಗೆ ಒತ್ತಿದರೆ ತಡವಾಗಿ. ಆ ಎಣ್ಣೆ ಹಾಯುವ ದಾರಿ ಬಹು ಸಣ್ಣದು. ಅದಕ್ಕೊಂದು ಸಣ್ಣ ಜಾಲರಿ ಬೇರೆ.

ಗಾಳಿಯ ಕಾಲುವೆ

ಗಾಳಿಯನ್ನು ಸಿಲಿಂಡರುಗಳಿಗೆ ಹಂಚುವ ಕೊಳವೆಗಳ ಗೊಂಚಲೇ ಇಂಟೇಕ್ ಮ್ಯಾನಿಫೋಲ್ಡ್. ನವಿಲುತೀರ್ಥದಿಂದ ಹೊರಟ ಮಲಪ್ರಭೆಯ ನೀರು ಕಾಲುವೆಯ ಕೊನೆಯ ಹೊಲಕ್ಕೂ ಮುಟ್ಟಬೇಕಲ್ಲವೇ? ಹಾಗೆಯೇ ಇಲ್ಲಿಯೂ ಕೊನೆಯ ಸಿಲಿಂಡರಿಗೆ ಸಮಪಾಲು ಸಲ್ಲಬೇಕು. ಇದರ ಉದ್ದಕ್ಕೂ ಒಂದು ಲೆಕ್ಕವಿದೆ. ವಾಲ್ವ್ ತೆರೆದಾಗ ಎದ್ದ ಒತ್ತಡದ ಅಲೆ ಕೊಳವೆಯ ಇನ್ನೊಂದು ತುದಿಗೆ ಹೋಗಿ ಶಬ್ದದ ವೇಗದಲ್ಲಿ ಮರಳುತ್ತದೆ. 40 ಸೆಂಟಿಮೀಟರ್ ಕೊಳವೆಯಲ್ಲಿ ಈ ಪಯಣಕ್ಕೆ ಸೆಕೆಂಡಿನ ಸಾವಿರದಲ್ಲಿ ಎರಡು-ಮೂರು ಭಾಗ ಸಾಕು. ವಾಲ್ವ್ ಮುಚ್ಚುವ ಮುನ್ನ ಆ ಅಲೆ ಮರಳಿ ಬಂದರೆ ಗಾಳಿಯನ್ನು ಇನ್ನಷ್ಟು ಒಳದೂಡುತ್ತದೆ. ಉದ್ದ ಕೊಳಲಿಗೆ ಮಂದ್ರ, ಗಿಡ್ಡ ಕೊಳಲಿಗೆ ತಾರ ಹೊಂದುವಂತೆ, ನಿಧಾನಕ್ಕೆ ಉದ್ದ ಕೊಳವೆ, ವೇಗಕ್ಕೆ ಗಿಡ್ಡ ಕೊಳವೆ ಹಿತ. ಕೆಲವು ಕಾರುಗಳಲ್ಲಿ ಕದವೊಂದು ತಿರುಗಿ ಈ ಉದ್ದವನ್ನೇ ಬದಲಿಸುತ್ತದೆ.

ನಮ್ಮ ಕಾರಿನಲ್ಲಿ ಆದದ್ದೇನು? ಕಪ್ಪಾಗಿ ಗಟ್ಟಿಯಾದ ಹಳೆಯ ಎಣ್ಣೆ ಆ ಜಾಲರಿಯನ್ನು ಕಟ್ಟಿಹಾಕಿತ್ತು. ಹದ ತಪ್ಪಿದ ವಾಲ್ವ್ ಹಾಗೆಯೇ ಸಿಕ್ಕಿಕೊಂಡಿತ್ತು. ಮಿಸ್ತ್ರಿಯವರು ಅದನ್ನು ತೊಳೆದು, ಎಣ್ಣೆಯನ್ನೂ ಫಿಲ್ಟರನ್ನೂ ಬದಲಿಸಿದರು. ಇಂಜಿನ್ ಬಿಚ್ಚುವ ಪ್ರಸಂಗವೇ ಬರಲಿಲ್ಲ. ಮಗಳ ಶುಲ್ಕವೂ ಉಳಿಯಿತು. ಎಣ್ಣೆ ಬದಲಿಸುವುದನ್ನು ‘ಮುಂದಿನ ತಿಂಗಳು ನೋಡೋಣ’ ಎಂದು ಮುಂದೂಡಿದವರು ನಾವೇ ಆದುದರಿಂದ ತಪ್ಪನ್ನು ಬೇರೆಯವರ ಮೇಲೆ ಹೊರಿಸುವಂತಿರಲಿಲ್ಲ.

ಆದ್ದರಿಂದ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ. ಕಾರಿನ ಕೈಪಿಡಿ ಹೇಳಿದ ಎಣ್ಣೆಯನ್ನೇ ಹೇಳಿದ ಅವಧಿಗೆ ಹಾಕಿಸಿರಿ. ಧೂಳಿನ ದಾರಿಯಲ್ಲಿ ತಿರುಗುವವರು ಗಾಳಿಯ ಫಿಲ್ಟರನ್ನು ಆಗಾಗ ನೋಡಿಸಿರಿ. ಇಂಜಿನ್ ನಡುಗಿದಾಗ ದೊಡ್ಡ ಖರ್ಚಿಗೆ ಒಪ್ಪುವ ಮೊದಲು ಸಣ್ಣ ಕಾರಣವನ್ನು ಹುಡುಕಿಸಿರಿ. ಬಿತ್ತನೆಯ ಹದವನ್ನು ಮಳೆ ನಿರ್ಧರಿಸೀತು. ಇಂಜಿನ್ನಿನ ಹದ ಮಾತ್ರ ನಮ್ಮ ಕೈಯಲ್ಲಿಯೇ ಇದೆ.